ದಿಬ್ಬ ದಾಟುವ ದೋಣಿ: ಪ್ಲೇನಿಂಗ್‌ನ ಲೆಕ್ಕ ಮತ್ತು ಬ್ಯಾಟರಿ ಕಾಲದ ಇಕ್ಕಟ್ಟು

ವೇಗದ ದೋಣಿಗಳ ಸುತ್ತ ಈಗ ಎರಡು ಚರ್ಚೆಗಳು ನಡೆಯುತ್ತಿವೆ. ಪೆಟ್ರೋಲ್, ಡೀಸೆಲ್ ಎಂಜಿನ್‌ಗಳನ್ನು ಬಿಟ್ಟು ಬ್ಯಾಟರಿಯಿಂದ ದೋಣಿ ಓಡಿಸುವುದು ಹೇಗೆ ಎಂಬುದು ಒಂದು. ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ತನ್ನ ಫ್ಯೋರ್ಡ್‌ಗಳಲ್ಲಿ, ಅಂದರೆ ಕಡಿದಾದ ಬೆಟ್ಟಗಳ ನಡುವೆ ಒಳಚಾಚಿದ ಸಮುದ್ರದ ಕವಲುಗಳಲ್ಲಿ, 10,000 ಟನ್ನೇಜ್‌ಗಿಂತ ಚಿಕ್ಕದಾದ ಪ್ರಯಾಣಿಕ ಹಡಗುಗಳು 2026ರ ಜನವರಿಯಿಂದ ಹೊಗೆ ಉಗುಳದೆ ಓಡಬೇಕೆಂದು ನಾರ್ವೆ ನಿಯಮ ಮಾಡಿದೆ. ಆಮ್‌ಸ್ಟರ್‌ಡ್ಯಾಮ್ ನಗರವು ತನ್ನ ಹಳೆಯ ಕಾಲುವೆಗಳಲ್ಲಿ ವಿಹಾರ ದೋಣಿಗಳಿಗೆ ಇಂಥದೇ ನಿಯಮವನ್ನು 2025ರಲ್ಲಿ ಜಾರಿಗೆ ತಂದಿದೆ. ದೋಣಿಗಳು ಎಬ್ಬಿಸುವ ಅಲೆಗಳ ಹೊಡೆತಕ್ಕೆ ದಂಡೆಗಳು ಕುಸಿಯುವುದನ್ನು ತಡೆಯುವುದು ಹೇಗೆ ಎಂಬುದು ಎರಡನೆಯ ಚರ್ಚೆ. ಎರಡರಲ್ಲೂ ಮಾತು ಗಂಟೆಗೆ ಎಷ್ಟು ಕಿಲೋಮೀಟರ್ ಎಂಬ ಒಂದೇ ಅಂಕಿಯ ಸುತ್ತ ತಿರುಗುತ್ತದೆ. ಆದರೆ ನೀರಿನ ಮೇಲೆ ವೇಗದ ಅಂಕಿಯೊಂದೇ ಏನನ್ನೂ ತಿಳಿಸುವುದಿಲ್ಲ. ನಿಧಾನವಾಗಿ ತೇಲುತ್ತಾ ಹೋಗುವ ದೋಣಿಗೂ ನೀರಿನ ಮೇಲ್ಮೈಯನ್ನು ಸವರಿಕೊಂಡು ಓಡುವ, ಅಂದರೆ ಪ್ಲೇನಿಂಗ್ ಮಾಡುವ ದೋಣಿಗೂ ನಡುವೆ ಪ್ರತಿರೋಧದ ಒಂದು ದಿಬ್ಬವಿದೆ. ಇಂಧನದ ದುಂದುವೆಚ್ಚವೂ ದಂಡೆಗೆ ಆಗುವ ಹಾನಿಯೂ ಹೆಚ್ಚಾಗಿ ಆ ದಿಬ್ಬದ ಮೇಲೇ ನಡೆಯುತ್ತವೆ. ಈ ಲೇಖನದ ವಿಷಯ ಆ ದಿಬ್ಬ ಮತ್ತು ಅದನ್ನು ದಾಟುವ ವಿದ್ಯೆ.

ನಿಂತ ದೋಣಿಯನ್ನು ಹೊರುವುದು ಆರ್ಕಿಮಿಡೀಸನ ನಿಯಮ. ದೋಣಿ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸಿ, ಆ ಗುಳಿಯಲ್ಲಿ ಕುಳಿತಿರುತ್ತದೆ. ಅದು ಚಲಿಸತೊಡಗಿದಾಗ ಎದುರಿನ ನೀರನ್ನು ಕ್ಷಣಕ್ಷಣಕ್ಕೂ ಬದಿಗೊತ್ತಿ, ತಾನು ದಾಟಿದ ಮೇಲೆ ಹಿಂದೆ ಕೂಡಿಕೊಳ್ಳಲು ಬಿಡಬೇಕಾಗುತ್ತದೆ. ಹೀಗೆ ಒತ್ತಿದ ನೀರು ಮುಂತುದಿಯಲ್ಲಿ ಉಬ್ಬಿ ಅಲೆಯಾಗುತ್ತದೆ, ಆ ಅಲೆ ದೋಣಿಯ ಜೊತೆಜೊತೆಗೇ ಸಾಗುತ್ತದೆ. ಇಲ್ಲಿ ನಿಸರ್ಗದ ಒಂದು ಕಟ್ಟುಪಾಡು ಎದುರಾಗುತ್ತದೆ. ಆಳವಾದ ನೀರಿನಲ್ಲಿ ಅಲೆಯ ವೇಗವೂ ಅದರ ಉದ್ದವೂ ಒಂದಕ್ಕೊಂದು ಗಂಟು ಹಾಕಿಕೊಂಡಿವೆ: ವೇಗ ಎರಡರಷ್ಟಾದರೆ ಅಲೆಯ ಉದ್ದ ನಾಲ್ಕರಷ್ಟಾಗುತ್ತದೆ. ಸೆಕೆಂಡಿಗೆ ಸುಮಾರು 3 ಮೀಟರ್, ಅಂದರೆ ಗಂಟೆಗೆ 11 ಕಿ.ಮೀ. ವೇಗದಲ್ಲಿ ಹೋಗುವ ಅಲೆಯ ಉದ್ದ 6 ಮೀಟರ್. ಆದ್ದರಿಂದ 6 ಮೀಟರ್ ಉದ್ದದ ದೋಣಿ ಆ ವೇಗ ಮುಟ್ಟಿದಾಗ ಅದು ಎಬ್ಬಿಸಿದ ಅಲೆಯ ಒಂದು ತಲೆ ಮುಂತುದಿಯಲ್ಲೂ ಇನ್ನೊಂದು ತಲೆ ಹಿಂತುದಿಯಲ್ಲೂ ಇರುತ್ತದೆ; ದೋಣಿ ಎರಡರ ನಡುವೆ ಸರಿಯಾಗಿ ಕುಳಿತಿರುತ್ತದೆ.

ಇನ್ನೂ ವೇಗ ಹೆಚ್ಚಿಸಿದರೆ ಅಲೆ ದೋಣಿಗಿಂತ ಉದ್ದವಾಗುತ್ತದೆ. ಗಂಟೆಗೆ ಸುಮಾರು 15.5 ಕಿ.ಮೀ. ಮುಟ್ಟುವ ಹೊತ್ತಿಗೆ ಅದರ ಉದ್ದ 12 ಮೀಟರ್, ಅಂದರೆ ದೋಣಿಯ ಎರಡರಷ್ಟು. ಹಿಂತುದಿಗೆ ಆಸರೆಯಾಗಿದ್ದ ಎರಡನೆಯ ತಲೆ ಹಿಂದಕ್ಕೆ ಸರಿದುಹೋಗಿ, ಹಿಂಭಾಗ ತಗ್ಗಿನಲ್ಲಿ ಇಳಿಯುತ್ತದೆ, ಮುಂಭಾಗ ತಾನೇ ಎಬ್ಬಿಸಿದ ಅಲೆಯ ಮೇಲೆ ಏರುತ್ತದೆ. ದೋಣಿ ಈಗ ತನ್ನೊಂದಿಗೇ ಓಡುವ ಏರನ್ನು ಹತ್ತಲು ಹೆಣಗುತ್ತಿರುತ್ತದೆ. ಎಂಜಿನ್‌ಗೆ ಎಷ್ಟು ಹೆಚ್ಚು ಶಕ್ತಿ ಕೊಟ್ಟರೂ ಅದರ ಬಹುಪಾಲು ಅಲೆಯನ್ನು ಇನ್ನಷ್ಟು ದೊಡ್ಡದು ಮಾಡಲು ವ್ಯಯವಾಗುತ್ತದೆ. ಪ್ರತಿರೋಧದ ನಕ್ಷೆಯಲ್ಲಿ ಗೆರೆ ಕಡಿದಾಗಿ ಮೇಲೇರುವುದು ಇಲ್ಲೇ.

ಈ ಸಂಬಂಧವನ್ನು ಕ್ರಮಬದ್ಧವಾಗಿ ಅಳೆದವರು ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್. 1860ರ ದಶಕದಲ್ಲಿ ಅವರು ಬೇರೆ ಬೇರೆ ಅಳತೆಯ ಮಾದರಿ ದೋಣಿಗಳನ್ನು ನದಿಯಲ್ಲಿ ಎಳೆದು ಪರೀಕ್ಷಿಸಿದರು, ನಂತರ ಟಾರ್ಕೀಯಲ್ಲಿ ಉದ್ದನೆಯ ನೀರಿನ ತೊಟ್ಟಿಯನ್ನೇ ಕಟ್ಟಿಸಿ ಪ್ರಯೋಗ ಮುಂದುವರಿಸಿದರು. ಅವರ ಹೆಸರಿನಿಂದ ಕರೆಯುವ ಫ್ರೂಡ್ ಸಂಖ್ಯೆಯನ್ನು ಪಡೆಯಲು ದೋಣಿಯ ವೇಗವನ್ನು, ಗುರುತ್ವ ವೇಗೋತ್ಕರ್ಷ ಮತ್ತು ದೋಣಿಯ ಉದ್ದಗಳ ಗುಣಲಬ್ಧದ ವರ್ಗಮೂಲದಿಂದ ಭಾಗಿಸಬೇಕು. ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮನಾಗುವಾಗ ಈ ಸಂಖ್ಯೆ ಸುಮಾರು 0.4, ದಿಬ್ಬದ ತುದಿ ಇರುವುದು 0.5ರ ಆಸುಪಾಸಿನಲ್ಲಿ, 1 ದಾಟಿದ ಮೇಲೆ ತಕ್ಕ ಆಕಾರದ ದೋಣಿ ಪೂರ್ತಿಯಾಗಿ ಪ್ಲೇನಿಂಗ್ ಮಾಡತೊಡಗುತ್ತದೆ. 100 ಮೀಟರ್ ಉದ್ದದ ಹಡಗು ಗಂಟೆಗೆ 45 ಕಿ.ಮೀ. ಮುಟ್ಟುವವರೆಗೂ ತನ್ನ ಅಲೆಯೊಡನೆ ಸಮಾಧಾನದಿಂದ ಸಾಗಬಹುದು, 6 ಮೀಟರ್ ದೋಣಿಗೆ 11 ಕಿ.ಮೀ. ಆಚೆಗೇ ತೊಂದರೆ ಶುರು. ವೇಗವನ್ನು ಉದ್ದದಿಂದ ಬೇರ್ಪಡಿಸಿ ಮಾತಾಡುವುದು ತಪ್ಪು ಎಂದು ನಾನು ಹೇಳುವುದು ಈ ಕಾರಣಕ್ಕೆ.

ದಿಬ್ಬ ದಾಟುವ ಕ್ಷಣವನ್ನು ದೋಣಿಯೊಳಗೇ ನಿಂತು ನೋಡಬಹುದು. ಥ್ರಾಟಲ್, ಅಂದರೆ ಎಂಜಿನ್‌ನ ಶಕ್ತಿ ಏರಿಸುವ ಹಿಡಿಯನ್ನು ಮುಂದಕ್ಕೆ ತಳ್ಳಿದ ಕೆಲವೇ ಕ್ಷಣಗಳಲ್ಲಿ ಹಿಂಭಾಗ ಕುಗ್ಗಿ ಮೂತಿ ಮೇಲೇಳುತ್ತದೆ. ಚುಕ್ಕಾಣಿ ಹಿಡಿದವರ ಕಣ್ಣಿಗೆ ಎದುರಿನ ನೀರೇ ಮರೆಯಾಗುತ್ತದೆ. ಎಂಜಿನ್ ಏದುಸಿರು ಬಿಡುವಂತೆ ಮೊರೆಯುತ್ತದೆ, ವೇಗ ಮಾತ್ರ ಅದಕ್ಕೆ ತಕ್ಕಂತೆ ಏರುವುದಿಲ್ಲ. ಆಗ ಹಿಂದಕ್ಕೆ ತಿರುಗಿ ಟ್ರಾನ್ಸಮ್ ಕಡೆ, ಅಂದರೆ ದೋಣಿಯ ಹಿಂಬದಿಯ ನೇರ ಹಲಗೆಯ ಕಡೆ ನೋಡಬೇಕು. ನಿಧಾನ ವೇಗದಲ್ಲಿ ನೀರು ಸುಳಿಸುಳಿಯಾಗಿ ಅದಕ್ಕೆ ಅಂಟಿಕೊಂಡು ನೆಕ್ಕುತ್ತಿರುತ್ತದೆ. ವೇಗ ಒಂದು ಮಿತಿ ದಾಟಿದೊಡನೆ ತಳದಡಿಯ ನೀರು ಹಲಗೆಯ ಕೆಳ ಅಂಚಿನಲ್ಲಿ ಕತ್ತರಿಸಿದಂತೆ ಕಳಚಿಕೊಂಡು ನೇರ ಹಿಂದಕ್ಕೆ ಹೋಗುತ್ತದೆ, ಹಲಗೆ ಒಣಗುತ್ತದೆ. ಆಮೇಲೆ ಮೂತಿ ಮೆಲ್ಲಗೆ ಕೆಳಗಿಳಿಯುತ್ತದೆ, ಎಂಜಿನ್ ಸದ್ದು ಹಗುರಾಗುತ್ತದೆ, ಥ್ರಾಟಲನ್ನು ಅಷ್ಟು ಹಿಂದಕ್ಕೆ ಎಳೆದರೂ ದೋಣಿ ಅದೇ ವೇಗದಲ್ಲಿ ಓಡುತ್ತದೆ. ಏರಲು ಬೇಕಾದಷ್ಟು ಶಕ್ತಿ ಮೇಲೆ ಉಳಿಯಲು ಬೇಕಾಗುವುದಿಲ್ಲ. ದೋಣಿಗೆ ದೊಡ್ಡ ಎಂಜಿನ್ ಹಾಕುವುದು ಎಷ್ಟೋ ಸಲ ಗರಿಷ್ಠ ವೇಗಕ್ಕಿಂತಲೂ ಈ ಕೆಲವು ಕ್ಷಣಗಳ ಏರಿಗಾಗಿ.

ಮೇಲೆ ಬಂದ ದೋಣಿಯನ್ನು ಹೊರುವವರು ಯಾರು? ಹರಿಯುವ ನೀರಿನಲ್ಲಿ ಅಂಗೈಯನ್ನು ತುಸು ಓರೆಯಾಗಿ ಹಿಡಿದರೆ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ದೋಣಿಯ ತಳವೂ ಹಾಗೆಯೇ ಮುಂದೆ ತುಸು ಎತ್ತರವಾಗಿ, ಹಿಂದೆ ತಗ್ಗಾಗಿ ನೀರಿನ ಮೇಲೆ ಸಾಗುತ್ತದೆ. ಅದು ತಾನು ಹಾಯ್ದ ನೀರನ್ನು ಕೆಳಕ್ಕೆ ತಳ್ಳುತ್ತದೆ, ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಈ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದೇ ಇಡೀ ವಿದ್ಯಮಾನದ ಕೀಲಿ. ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹರಿವಿನ ಒತ್ತಡ 2 ಕಿಲೋಪ್ಯಾಸ್ಕಲ್. 12 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ 43 ಕಿ.ಮೀ.ಯಲ್ಲಿ, ಅದು 72 ಕಿಲೋಪ್ಯಾಸ್ಕಲ್. ವಾಯುಮಂಡಲದ ಒತ್ತಡದ ಮುಕ್ಕಾಲು ಪಾಲಿಗೆ ಹತ್ತಿರವಾದ ಅಂಕಿ ಇದು. ತಳದ ಎಲ್ಲ ಭಾಗಕ್ಕೂ ಅಷ್ಟು ಒತ್ತಡ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. 2 ಟನ್ ತೂಕದ ದೋಣಿಯೊಂದು 1.8 ಮೀಟರ್ ಅಗಲ, 3 ಮೀಟರ್ ಉದ್ದದಷ್ಟು ತಳವನ್ನು ಮಾತ್ರ ನೀರಿಗೆ ತಾಗಿಸಿಕೊಂಡು ಓಡುತ್ತಿದೆ ಎಂದುಕೊಳ್ಳೋಣ. ಅದನ್ನು ಹೊರಲು ಸರಾಸರಿ 3.6 ಕಿಲೋಪ್ಯಾಸ್ಕಲ್ ಸಾಕು, ಅಂದರೆ ಹರಿವಿನ ಒತ್ತಡದ ಶೇ. 5ರಷ್ಟು. ಅದೇ ಶೇ. 5ನ್ನು ಸೆಕೆಂಡಿಗೆ 2 ಮೀಟರ್ ವೇಗಕ್ಕೆ ಅನ್ವಯಿಸಿದರೆ, ಇಡೀ ತಳ ನೀರಿನಲ್ಲಿದ್ದರೂ ದೊರೆಯುವ ಬಲ ದೋಣಿಯ ತೂಕದ ಹತ್ತರಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ನಿಧಾನದಲ್ಲಿ ಪ್ಲೇನಿಂಗ್ ಯಾಕೆ ಆಗದು ಎಂಬುದಕ್ಕೆ ಇದಕ್ಕಿಂತ ಸರಳ ಉತ್ತರವಿಲ್ಲ.

ಒತ್ತಡ ತಳದುದ್ದಕ್ಕೂ ಒಂದೇ ಸಮನಾಗಿ ಹರಡಿರುವುದಿಲ್ಲ. ತಳವು ನೀರನ್ನು ಮೊದಲು ಮುಟ್ಟುವ ಗೆರೆಯ ತುಸು ಹಿಂದೆ ಅದು ಉತ್ತುಂಗದಲ್ಲಿರುತ್ತದೆ, ಅಲ್ಲಿಂದ ಹಿಂದಕ್ಕೆ ಬೇಗ ಇಳಿಯುತ್ತಾ ಟ್ರಾನ್ಸಮ್ ಅಂಚಿನಲ್ಲಿ ಹೊರಗಿನ ಗಾಳಿಯ ಒತ್ತಡಕ್ಕೆ ಸಮನಾಗುತ್ತದೆ. ಆ ಉತ್ತುಂಗದ ಮುಂದೆ ಸ್ವಲ್ಪ ನೀರು ತೆಳುವಾದ ಹಾಳೆಯಾಗಿ ಮುಂದಕ್ಕೂ ಪಕ್ಕಕ್ಕೂ ಚಿಮ್ಮುತ್ತದೆ. ಓಡುವ ದೋಣಿಯ ಎರಡೂ ಬದಿಗೆ ಬೀಸಣಿಗೆಯಂತೆ ಹರಡುವ ಬಿಳಿ ತುಂತುರಿನ ಮೂಲ ಇದೇ. ಆ ತುಂತುರು ಎಲ್ಲಿಂದ ಏಳುತ್ತದೆ ಎಂಬುದನ್ನು ಬದಿಯಿಂದ ಗಮನಿಸಿದರೆ ತಳದ ಎಷ್ಟು ಭಾಗ ನೀರಿನಲ್ಲಿದೆ ಎಂಬುದು ಕಣ್ಣಂದಾಜಿಗೇ ಸಿಗುತ್ತದೆ. ವೇಗ ಹೆಚ್ಚಿದಂತೆ ಅದು ಹಿಂದಕ್ಕೆ ಹಿಂದಕ್ಕೆ ಜಾರುತ್ತದೆ.

ನೀರಿಗೆ ವೇಗವಾಗಿ ಬಡಿಯುವ ತಳದ ಗಣಿತವನ್ನು ಮೊದಲು ಕೈಗೆತ್ತಿಕೊಂಡವರಿಗೆ ದೋಣಿಯ ಚಿಂತೆಯೇ ಇರಲಿಲ್ಲ. ನೀರಿನ ಮೇಲೆ ಇಳಿಯುವ ವಿಮಾನಗಳ ತೇಲುಬುಡಗಳಿಗೆ ಬೀಳುವ ಪೆಟ್ಟನ್ನು ಲೆಕ್ಕ ಹಾಕಲು ಥಿಯೊಡೋರ್ ವಾನ್ ಕಾರ್ಮನ್ 1929ರಲ್ಲಿ, ಹರ್ಬರ್ಟ್ ವಾಗ್ನರ್ 1932ರಲ್ಲಿ ಬರೆದ ಪ್ರಬಂಧಗಳು ಈ ಶಾಸ್ತ್ರದ ಬುನಾದಿ. ದೋಣಿ ವಿನ್ಯಾಸಕರ ಮೇಜಿಗೆ ಇದೆಲ್ಲ ಉಪಯುಕ್ತ ಸೂತ್ರವಾಗಿ ಬಂದದ್ದು 1964ರಲ್ಲಿ, ಅಮೆರಿಕದ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಡೇನಿಯಲ್ ಸವಿಟ್ಸ್ಕಿ ಅವರ ಮೂಲಕ. ಅವರ ಸೂತ್ರದಲ್ಲಿ ದೋಣಿಯನ್ನು ಎತ್ತುವ ಬಲ ಎರಡು ಪದಗಳ ಮೊತ್ತವಾಗಿದೆ: ಒಂದು ಹರಿವಿನಿಂದ ಬರುವುದು, ಇನ್ನೊಂದು ಹಳೆಯ ತೇಲುವ ಬಲ. ವೇಗ ಏರಿದಂತೆ ಎರಡನೆಯದರ ಪಾಲು ಕುಗ್ಗುತ್ತದೆ, ಆದರೆ ಪೂರ್ತಿ ಇಲ್ಲವಾಗುವುದಿಲ್ಲ. ಮೇಲೆ ಹೇಳಿದ 2 ಟನ್ ದೋಣಿಯ ತಳ ಚಪ್ಪಟೆಯಾಗಿದ್ದರೆ, ಗಂಟೆಗೆ 43 ಕಿ.ಮೀ. ವೇಗದಲ್ಲೂ ಅದರ ತೂಕದ ಹತ್ತರಲ್ಲೊಂದು ಪಾಲಿಗಿಂತ ತುಸು ಹೆಚ್ಚನ್ನು ಆರ್ಕಿಮಿಡೀಸನೇ ಹೊರುತ್ತಿರುತ್ತಾನೆ. ಅಂದರೆ ತೇಲುವುದಕ್ಕೂ ಪ್ಲೇನಿಂಗ್‌ಗೂ ನಡುವೆ ಗೋಡೆ ಇಲ್ಲ. ಭಾರ ಒಬ್ಬರ ಹೆಗಲಿಂದ ಇನ್ನೊಬ್ಬರ ಹೆಗಲಿಗೆ ಮೆಲ್ಲಮೆಲ್ಲಗೆ ವರ್ಗವಾಗುತ್ತದೆ.

ಈ ವರ್ಗಾವಣೆ ಪುಕ್ಕಟೆಯಲ್ಲ. ತಳ ಓರೆಯಾಗಿರುವುದರಿಂದ ಅದನ್ನು ಒತ್ತುವ ಬಲವೂ ತುಸು ಹಿಂದಕ್ಕೆ ವಾಲಿರುತ್ತದೆ, ಆ ವಾಲಿದ ಭಾಗವೇ ಪ್ರತಿರೋಧ. 4 ಡಿಗ್ರಿ ಓರೆಗೆ ಇದು ತೂಕದ ಶೇ. 7ರಷ್ಟಾಗುತ್ತದೆ. ಓರೆ ಕಡಿಮೆ ಮಾಡಿದರೆ ಈ ಪಾಲು ಇಳಿಯುತ್ತದೆ, ಆದರೆ ಅಷ್ಟೇ ಭಾರ ಹೊರಲು ಹೆಚ್ಚು ತಳ ನೀರಿಗೆ ತಾಗಬೇಕಾಗಿ ಬಂದು ನೀರಿನ ಉಜ್ಜುವಿಕೆ ಬೆಳೆಯುತ್ತದೆ. ಓರೆ ಹೆಚ್ಚಿಸಿದರೆ ಉಜ್ಜುವಿಕೆ ಕಡಿಮೆ, ವಾಲಿದ ಬಲ ಜಾಸ್ತಿ. ಎರಡೂ ಸೇರಿ ಕನಿಷ್ಠವಾಗುವುದು 4–5 ಡಿಗ್ರಿಯ ಆಸುಪಾಸಿನಲ್ಲಿ. ಹಿಂತುದಿಯಲ್ಲಿ ಕೂರಿಸುವ ಪುಟ್ಟ ಲೋಹದ ರೆಕ್ಕೆಗಳೂ ಹೊರಎಂಜಿನ್ನಿನ ಕೋನ ಬದಲಿಸುವ ಗುಂಡಿಯೂ ಇರುವುದು ಈ ಕೋನವನ್ನು ಹುಡುಕಿ ಹಿಡಿಯಲೆಂದೇ. ಬದಿಯ ತುಂತುರು, ಗಾಳಿ, ನೀರಿನಲ್ಲಿ ಮುಳುಗಿರುವ ಎಂಜಿನ್ ಕಾಲು ಎಲ್ಲವನ್ನೂ ಸೇರಿಸಿದರೆ ಸಣ್ಣ ಪ್ಲೇನಿಂಗ್ ದೋಣಿಯ ಒಟ್ಟು ಪ್ರತಿರೋಧ ಅದರ ತೂಕದ ಶೇ. 15ರ ಹತ್ತಿರ ನಿಲ್ಲುತ್ತದೆ. ಇಲ್ಲಿ ಎಲ್ಲವೂ ತೂಕದ ಪಾಲಾಗಿಯೇ ಬರುತ್ತಿರುವುದನ್ನು ಓದುಗರು ಗಮನಿಸಬೇಕು. ಪ್ಲೇನಿಂಗ್ ದೋಣಿಗೆ ತೂಕಕ್ಕಿಂತ ದೊಡ್ಡ ಶತ್ರುವಿಲ್ಲ.

ಇತಿಹಾಸವೂ ಇದನ್ನೇ ಹೇಳುತ್ತದೆ. 1872ರಲ್ಲೇ ರೆವರೆಂಡ್ ರೇಮಸ್ ಎಂಬ ಇಂಗ್ಲಿಷ್ ಪಾದ್ರಿ, ತಳದಲ್ಲಿ ಮೆಟ್ಟಿಲಿನಂಥ ಕಡಿತವಿರುವ, ನೀರಿನ ಮೇಲೆ ಎದ್ದು ಜಾರುವ ಹಡಗಿನ ಯೋಜನೆಯನ್ನು ಬ್ರಿಟಿಷ್ ನೌಕಾಪಡೆಯ ಮುಂದಿಟ್ಟಿದ್ದರು. ಅದರ ಮಾದರಿಗಳನ್ನು ಪರೀಕ್ಷಿಸಿದವರು ಫ್ರೂಡ್. ಕಲ್ಪನೆಯಲ್ಲಿ ಹುರುಳಿತ್ತು, ಆದರೆ ಹಡಗನ್ನು ಅಷ್ಟು ವೇಗಕ್ಕೆ ಒಯ್ಯುವಷ್ಟು ಹಗುರ ಎಂಜಿನ್ ಆ ಕಾಲದಲ್ಲಿರಲಿಲ್ಲ; ಉಗಿ ಯಂತ್ರ, ಬಾಯ್ಲರು, ಕಲ್ಲಿದ್ದಲುಗಳ ಭಾರವನ್ನು ಹೊತ್ತು ದಿಬ್ಬ ಹತ್ತುವುದು ಆಗದ ಮಾತಾಗಿತ್ತು. ಪೆಟ್ರೋಲ್ ಎಂಜಿನ್ ಬಂದ ಮೇಲೆ ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಅದೇ ಮೆಟ್ಟಿಲು ತಳದ ದೋಣಿಗಳು ನಿಜವಾದವು, ಮೊದಲನೆಯ ಮಹಾಯುದ್ಧದಲ್ಲಿ ಥಾರ್ನಿಕ್ರಾಫ್ಟ್ ಕಂಪನಿಯ ಟಾರ್ಪಿಡೊ ದೋಣಿಗಳು ಅದೇ ತಳದ ಮೇಲೆ ಓಡಿದವು. ಎಂಜಿನ್ನೇ ಬೇಕೆಂದೇನೂ ಇಲ್ಲ ಎಂಬುದನ್ನು ತೋರಿಸಿದವರು ಇಂಗ್ಲಿಷ್ ದೋಣಿ ವಿನ್ಯಾಸಕ ಊಫಾ ಫಾಕ್ಸ್. 1928ರಲ್ಲಿ ಅವರು ಕಟ್ಟಿದ ‘ಅವೆಂಜರ್’ ಎಂಬ 14 ಅಡಿಯ ಹಾಯಿದೋಣಿ ಕೇವಲ ಗಾಳಿಯ ಬಲದಿಂದ ಪ್ಲೇನಿಂಗ್ ಮಾಡಿ ಪಂದ್ಯಗಳನ್ನು ಗೆಲ್ಲತೊಡಗಿತು. ಹಗುರವಾಗಿದ್ದುದೇ ಅದರ ಬಂಡವಾಳ.

ತಳದ ಆಕಾರದ ಕಥೆ ಒಂದು ರಾಜಿಯ ಕಥೆ. ಶಾಂತ ನೀರಿನಲ್ಲಿ ಚಪ್ಪಟೆ ತಳದಷ್ಟು ಚೆನ್ನಾಗಿ ಎತ್ತುವ ಆಕಾರ ಇನ್ನೊಂದಿಲ್ಲ. ಆದರೆ ಅಲೆಯ ಮೇಲಿಂದ ಹಾರಿ ಬಿದ್ದಾಗ ಚಪ್ಪಟೆ ತಳ ಇಡಿಯಾಗಿ ಒಮ್ಮೆಲೇ ನೀರಿಗೆ ಅಪ್ಪಳಿಸುತ್ತದೆ, ಆ ಪೆಟ್ಟಿಗೆ ದೋಣಿಯ ಕೀಲುಗಳೂ ಕುಳಿತವರ ಬೆನ್ನುಮೂಳೆಯೂ ನಲುಗುತ್ತವೆ. ತಳವನ್ನು ಇಂಗ್ಲಿಷಿನ ವಿ ಅಕ್ಷರದಂತೆ ಇಳಿಜಾರು ಮಾಡಿದರೆ ಅದು ನೀರನ್ನು ಸೀಳಿಕೊಂಡು ಮೆತ್ತಗೆ ಇಳಿಯುತ್ತದೆ, ಬದಲಿಗೆ ಎತ್ತುವ ಬಲದ ಒಂದು ಪಾಲನ್ನು ಬಿಟ್ಟುಕೊಡುತ್ತದೆ. ಈ ಇಳಿಜಾರನ್ನು ಸುಮಾರು 24 ಡಿಗ್ರಿಯಷ್ಟು ಕಡಿದಾಗಿಟ್ಟು ಹಿಂತುದಿಯವರೆಗೂ ಮುಂದುವರಿಸಿದ ರೇಮಂಡ್ ಹಂಟ್ ಅವರ ವಿನ್ಯಾಸ, 1960ರ ಮಯಾಮಿ–ನಸ್ಸೌ ಸಮುದ್ರ ಪಂದ್ಯದಲ್ಲಿ ಒರಟು ನೀರಿನ ನಡುವೆ ಗೆದ್ದು ಎಲ್ಲರ ಕಣ್ಣು ತೆರೆಸಿತು. ಇಂದಿನ ಬಹುಪಾಲು ಸಮುದ್ರಯಾನದ ಸ್ಪೀಡ್‌ಬೋಟುಗಳು ಅದರ ಸಂತತಿ. ತಳವೂ ಬದಿಯ ಗೋಡೆಯೂ ಕೂಡುವಲ್ಲಿ ಅಂಚು ಚೂಪಾಗಿರಬೇಕೆಂಬುದು ಮಾತ್ರ ಎಲ್ಲ ವಿನ್ಯಾಸಗಳಿಗೂ ಸಾಮಾನ್ಯ. ಅಂಚು ದುಂಡಗಿದ್ದರೆ ನೀರು ಅದಕ್ಕೆ ಅಂಟಿಕೊಂಡೇ ಮೇಲಕ್ಕೆ ತಿರುಗುತ್ತದೆ, ಹಾಗೆ ತಿರುಗುವಾಗ ಒತ್ತಡ ಕುಸಿದು ದೋಣಿಯನ್ನು ಕೆಳಕ್ಕೆ ಹೀರುತ್ತದೆ. ಹಳೆಯ ಮಾದರಿಯ, ಹಿಂತುದಿ ದುಂಡಗಿರುವ ದೋಣಿಗೆ ದೊಡ್ಡ ಎಂಜಿನ್ ಕಟ್ಟಿದರೆ ಅದು ಮೇಲೇಳುವ ಬದಲು ಹಿಂದಕ್ಕೆ ಕುಳಿತುಬಿಡುವುದು ಇದರಿಂದಲೇ.

ವೇಗದ ಇನ್ನೊಂದು ತುದಿಯಲ್ಲಿ ಬೇರೆ ಅಪಾಯಗಳಿವೆ. ನೀರಿಗೆ ತಾಗುವ ತಳ ತೀರಾ ಕಿರಿದಾದಾಗ ದೋಣಿಯ ಮೂತಿ ಲಯಬದ್ಧವಾಗಿ ಏಳುತ್ತಾ ಬೀಳುತ್ತಾ ಹೋಗುತ್ತದೆ, ತಡೆಯದಿದ್ದರೆ ಪ್ರತಿ ಸುತ್ತಿಗೂ ಅದು ಬೆಳೆಯುತ್ತದೆ. ಇನ್ನೂ ಮೇಲಿನ ವೇಗಗಳಲ್ಲಿ ಗಾಳಿಯೇ ತಳದಡಿ ಹೊಕ್ಕು ದೋಣಿಯನ್ನು ಎತ್ತಿ ಬಿಸಾಡಬಲ್ಲದು. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ, ವೇಗದ ದಾಖಲೆಗೆ ಯತ್ನಿಸುತ್ತಿದ್ದ ಡೊನಾಲ್ಡ್ ಕ್ಯಾಂಪ್‌ಬೆಲ್ ಗಂಟೆಗೆ 480 ಕಿ.ಮೀ.ಗೂ ಮೀರಿದ ವೇಗದಲ್ಲಿ ಹಾಗೆಯೇ ಜೀವ ತೆತ್ತರು. 1978ರಲ್ಲಿ ಆಸ್ಟ್ರೇಲಿಯದ ಕೆನ್ ವಾರ್ಬಿ ಸ್ಥಾಪಿಸಿದ, ನೀರಿನ ಮೇಲೆ ಗಂಟೆಗೆ 511 ಕಿ.ಮೀ. ವೇಗದ ದಾಖಲೆ ದಶಕಗಳ ಕಾಲ ಮುರಿಯದೆ ಉಳಿದಿರುವುದಕ್ಕೂ ಇದೇ ಕಾರಣ.

ಈಗ ಬ್ಯಾಟರಿಯ ಲೆಕ್ಕಕ್ಕೆ ಬರೋಣ. ಅದೇ 2 ಟನ್ ದೋಣಿ, ಗಂಟೆಗೆ 43 ಕಿ.ಮೀ. ತೂಕದ ಶೇ. 15ರಷ್ಟು ಪ್ರತಿರೋಧವನ್ನು ಆ ವೇಗದಿಂದ ಗುಣಿಸಿದರೆ 35 ಕಿಲೋವ್ಯಾಟ್. ಪ್ರೊಪೆಲರ್‌ನಲ್ಲಿ ಆಗುವ ನಷ್ಟವನ್ನು ಸೇರಿಸಿದರೆ ಮೋಟರ್ ಸುಮಾರು 60 ಕಿಲೋವ್ಯಾಟ್ ಕೊಡಬೇಕು. ಒಂದು ಗಂಟೆಗೆ 60 ಯೂನಿಟ್. ಪೆಟ್ರೋಲ್ ಎಂಜಿನ್ ತಾನು ಸುಡುವ ಇಂಧನದ ಕಾಲು ಭಾಗದಷ್ಟನ್ನು ಮಾತ್ರ ಕೆಲಸವಾಗಿಸಿದರೂ ಇದಕ್ಕೆ 18–20 ಕೆ.ಜಿ. ಪೆಟ್ರೋಲ್ ಸಾಕು. ಕವಚ, ತಂಪುಗೊಳಿಸುವ ವ್ಯವಸ್ಥೆ ಸೇರಿ ಲಿಥಿಯಂ ಅಯಾನ್ ಬ್ಯಾಟರಿಯು ಕೆ.ಜಿ.ಯೊಂದಕ್ಕೆ 0.16 ಯೂನಿಟ್ ಹಿಡಿಯುತ್ತದೆ ಎಂದಿಟ್ಟುಕೊಂಡರೆ ಅಷ್ಟೇ ಕೆಲಸಕ್ಕೆ 375 ಕೆ.ಜಿ. ಬೇಕು. ಪೆಟ್ರೋಲ್ ಓಡುತ್ತಾ ಖರ್ಚಾಗಿ ದೋಣಿ ಹಗುರವಾಗುತ್ತದೆ, ಬ್ಯಾಟರಿ ಖಾಲಿಯಾದರೂ ಒಂದು ಗ್ರಾಂ ಕಡಿಮೆಯಾಗುವುದಿಲ್ಲ. ಆ 375 ಕೆ.ಜಿ.ಯನ್ನು ಎತ್ತಲು ಇನ್ನಷ್ಟು ಶಕ್ತಿ, ಆ ಶಕ್ತಿಗೆ ಇನ್ನಷ್ಟು ಬ್ಯಾಟರಿ. ಕಾರಿನಲ್ಲಿ ಈ ಸುರುಳಿ ಇಷ್ಟು ಬಿಗಿಯಾಗಿಲ್ಲ, ಯಾಕೆಂದರೆ ಸಮತಟ್ಟಾದ ರಸ್ತೆಯಲ್ಲಿ ಉರುಳುವ ಚಕ್ರದ ಪ್ರತಿರೋಧ ಕಾರಿನ ತೂಕದ ಶೇ. 1ರ ಆಸುಪಾಸು. ದೋಣಿಗೆ ಶೇ. 15. ಕಾರಿನ ಮೋಟರು, ಬ್ಯಾಟರಿಗಳನ್ನು ತಂದು ದೋಣಿಯಲ್ಲಿ ಕೂರಿಸಿಬಿಟ್ಟರಾಯಿತು ಎಂದುಕೊಂಡವರು ಎಡವುವುದು ಇಲ್ಲೇ.

ಅದೇ ದೋಣಿ ಗಂಟೆಗೆ 9 ಕಿ.ಮೀ.ಯಲ್ಲಿ, ದಿಬ್ಬದ ಈಚೆಗೇ ಉಳಿದು ಸಾಗಿದರೆ ಮೋಟರಿಗೆ ಬೇಕಾಗುವುದು 2–3 ಕಿಲೋವ್ಯಾಟ್ ಮಾತ್ರ. ಕಿಲೋಮೀಟರಿಗೆ ತಗಲುವ ವಿದ್ಯುತ್ತಿನ ಲೆಕ್ಕದಲ್ಲಿ ಪ್ಲೇನಿಂಗ್ ಇದಕ್ಕಿಂತ ಐದು ಪಟ್ಟು ದುಬಾರಿ. ಹಾಗಾಗಿ ಕಾಲುವೆಗಳ ವಿಹಾರ ದೋಣಿಗಳಿಗೆ ಬ್ಯಾಟರಿ ಇಂದೇ ಸಲೀಸಾಗಿ ಹೊಂದುತ್ತದೆ, ಅದರ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ಚರ್ಚೆ ಬೇಕಿರುವುದು ವೇಗವೂ ಬೇಕು, ಬ್ಯಾಟರಿಯೂ ಬೇಕು ಎನ್ನುವಲ್ಲಿ.

ಅಲ್ಲಿ ಎರಡು ದಾರಿಗಳಿವೆ, ಎರಡೂ ಪ್ಲೇನಿಂಗ್‌ನಿಂದ ಹೊರಗಿನವು. ಮೊದಲನೆಯದು ದೋಣಿಯನ್ನು ಉದ್ದವಾಗಿ, ಸಪೂರವಾಗಿ ಮಾಡುವುದು. ಸಪೂರ ಒಡಲು ನೀರನ್ನು ಬದಿಗೊತ್ತುವುದೇ ಕಡಿಮೆಯಾದ್ದರಿಂದ ಅದರ ಅಲೆಯೂ ಚಿಕ್ಕದು, ದಿಬ್ಬವೂ ತಗ್ಗು. ಚಾರ್ಲ್ಸ್ ಪಾರ್ಸನ್ಸ್ ಅವರ ‘ಟರ್ಬೀನಿಯಾ’ ಹೀಗೆಯೇ 1897ರಲ್ಲಿ ಬ್ರಿಟಿಷ್ ನೌಕಾಪಡೆಯ ಸಮಾರಂಭವೊಂದರಲ್ಲಿ ಎಲ್ಲರನ್ನೂ ಹಿಂದಿಕ್ಕಿ ಓಡಿತು. ಸುಮಾರು 32 ಮೀಟರ್ ಉದ್ದ, 3 ಮೀಟರಿಗಿಂತಲೂ ಕಡಿಮೆ ಅಗಲದ ಆ ಹಡಗು 34 ನಾಟ್ (ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ.) ಮುಟ್ಟಿದ್ದು ಪ್ಲೇನಿಂಗ್‌ನಿಂದಲ್ಲ, ಸಪೂರತನದಿಂದ. ಅಷ್ಟು ಕಿರಿದಾದ ಒಡಲಿನಲ್ಲಿ ಪ್ರಯಾಣಿಕರನ್ನು ಕೂರಿಸಲಾಗದು, ಆದರೆ ಅಂಥ ಎರಡು ಒಡಲುಗಳನ್ನು ದೂರದೂರ ಇಟ್ಟು ಮೇಲೊಂದು ಅಟ್ಟ ಹಾಸಿದರೆ ಆಗುತ್ತದೆ. ನಾರ್ವೆಯ ಸ್ಟಾವಂಗರ್‌ನಲ್ಲಿ 2022ರಲ್ಲಿ ಓಡತೊಡಗಿದ ‘ಮೆಡ್‌ಸ್ಟ್ರಾಮ್’ ಎಂಬ ಬ್ಯಾಟರಿ ಚಾಲಿತ ಜೋಡಿ ಒಡಲಿನ ನೌಕೆ ಅದನ್ನೇ ಮಾಡುತ್ತದೆ: ಉದ್ದ 31 ಮೀಟರ್, ಪ್ರಯಾಣಿಕರು 147, ವೇಗ 23 ನಾಟ್. ಟರ್ಬೀನಿಯಾದಷ್ಟೇ ಉದ್ದದ ಈ ನೌಕೆ ಒಂದೇಕಾಲು ಶತಮಾನದ ಬಳಿಕ ಅದೇ ಉಪಾಯವನ್ನು ಆಶ್ರಯಿಸಿರುವುದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ಇಂಧನ ಸಾಂದ್ರತೆ ಕಡಿಮೆಯಾದ ಕೂಡಲೇ ಆಕಾರಕ್ಕೆ ಮತ್ತೆ ಬೆಲೆ ಬರುತ್ತದೆ.

ಎರಡನೆಯ ದಾರಿ ಹೈಡ್ರೋಫಾಯಿಲ್. ನೀರಿನೊಳಗೆ ಮುಳುಗಿರುವ ತೆಳು ರೆಕ್ಕೆಗಳು ಒಡಲನ್ನು ಪೂರ್ತಿಯಾಗಿ ನೀರಿನಿಂದ ಮೇಲಕ್ಕೆತ್ತುತ್ತವೆ. ಪ್ಲೇನಿಂಗ್ ತಳಕ್ಕೆ ಕೆಳಗಿನ ಒತ್ತಡ ಮಾತ್ರ ಲಭ್ಯ. ರೆಕ್ಕೆಗೆ ಮೇಲ್ಮೈಯಲ್ಲಿ ಉಂಟಾಗುವ ಹೀರುಬಲವೂ ಸಿಗುವುದರಿಂದ ಅಷ್ಟೇ ಭಾರವನ್ನು ಅದು ಅರ್ಧದಷ್ಟು ಅಥವಾ ಅದಕ್ಕೂ ಕಡಿಮೆ ಪ್ರತಿರೋಧದಲ್ಲಿ ಹೊರಬಲ್ಲದು. ಇದೂ ಹೊಸದಲ್ಲ. ಎನ್ರಿಕೊ ಫೋರ್ಲಾನಿನಿ 1906ರಲ್ಲಿ ಇಟಲಿಯ ಮಜ್ಜೋರೆ ಸರೋವರದಲ್ಲಿ, ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ತಂಡ 1919ರಲ್ಲಿ ಕೆನಡಾದಲ್ಲಿ ಇಂಥ ದೋಣಿಗಳನ್ನು ಓಡಿಸಿದ್ದರು. ಬೆಲ್ ತಂಡದ ದೋಣಿ ಗಂಟೆಗೆ 114 ಕಿ.ಮೀ. ಮುಟ್ಟಿತ್ತು. ಆಗ ಇಲ್ಲದಿದ್ದದ್ದು, ಮುಳುಗಿದ ರೆಕ್ಕೆಯ ಕೋನವನ್ನು ಸೆಕೆಂಡಿಗೆ ಹತ್ತಾರು ಸಲ ತಿದ್ದಬಲ್ಲ ಸಂವೇದಕ ಮತ್ತು ಕಂಪ್ಯೂಟರ್. ಅದು ಈಗ ಅಗ್ಗವಾಗಿದೆ. ಸ್ವೀಡನ್ನಿನ ಕ್ಯಾಂಡೆಲಾ ಕಂಪನಿಯ 30 ಆಸನಗಳ ವಿದ್ಯುತ್ ಹೈಡ್ರೋಫಾಯಿಲ್ ನೌಕೆ 2024ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸಾರ್ವಜನಿಕ ಸಂಚಾರಕ್ಕೆ ಇಳಿಯಿತು, ಸುಮಾರು 25 ನಾಟ್ ವೇಗದಲ್ಲಿ ಓಡುತ್ತದೆ. ಸಾಮಾನ್ಯ ವೇಗದ ದೋಣಿಗಿಂತ ಶೇ. 80ರಷ್ಟು ಶಕ್ತಿ ಉಳಿಯುತ್ತದೆಂಬುದು ತಯಾರಕರ ಹೇಳಿಕೆ. ಭೌತಶಾಸ್ತ್ರ ಅದರ ಬೆನ್ನಿಗಿದೆ, ಆದರೆ ಮೂರು ಮಿತಿಗಳನ್ನು ಮರೆಯಬಾರದು. ರೆಕ್ಕೆ ಭಾರ ಹೊರುವಷ್ಟು ವೇಗ ಬರುವವರೆಗೆ ಈ ದೋಣಿಯೂ ಒಡಲಿನ ಮೇಲೇ ಓಡಿ ದಿಬ್ಬವನ್ನು ಹತ್ತಬೇಕು. ತೇಲುವ ಮರದ ದಿಮ್ಮಿ, ಬಲೆ, ಆಳವಿಲ್ಲದ ನೀರು ರೆಕ್ಕೆಗೆ ಅಪಾಯ. ದೋಣಿಯ ಅಳತೆ ಹೆಚ್ಚಿದಂತೆ ತೂಕ ಅಳತೆಯ ಘನದಂತೆ ಬೆಳೆದರೆ ರೆಕ್ಕೆಯ ವಿಸ್ತೀರ್ಣ ವರ್ಗದಂತೆ ಮಾತ್ರ ಬೆಳೆಯುವುದರಿಂದ, ದೊಡ್ಡ ಹಡಗುಗಳಿಗೆ ಇದು ಒಗ್ಗದು.

ದಂಡೆಯ ಪ್ರಶ್ನೆಗೆ ಉತ್ತರವೂ ಅದೇ ದಿಬ್ಬದಲ್ಲಿದೆ. ಅಲೆಯ ಶಕ್ತಿ ಅದರ ಎತ್ತರದ ವರ್ಗಕ್ಕೆ ಅನುಗುಣ, 15 ಸೆಂ.ಮೀ. ಅಲೆಗಿಂತ 45 ಸೆಂ.ಮೀ. ಅಲೆ ಒಂಬತ್ತು ಪಟ್ಟು ಶಕ್ತಿ ಹೊತ್ತಿರುತ್ತದೆ. ದೋಣಿ ಅತ್ಯಂತ ದೊಡ್ಡ ಅಲೆ ಎಬ್ಬಿಸುವುದು ಮೂತಿ ಎತ್ತಿ, ಹಿಂಭಾಗ ಕುಗ್ಗಿಸಿ ದಿಬ್ಬದ ಮೇಲೆ ತಿಣುಕುವಾಗ. ಪ್ಲೇನಿಂಗ್‌ಗೆ ಬಂದ ಮೇಲೆ ಅದೇ ದೋಣಿಯ ಹಿಂದಿನ ಅಲೆ ತಗ್ಗುತ್ತದೆ, ಅದರ ಹರವೂ ಕಿರಿದಾಗುತ್ತದೆ. ದೋಣಿಯ ಹಿಂದೆ ಬಿಚ್ಚಿಕೊಳ್ಳುವ ಅಲೆಯ ತ್ರಿಕೋನ ಎರಡೂ ಬದಿಗೆ 19.5 ಡಿಗ್ರಿ ಹರಡಿರುತ್ತದೆ ಎಂದು ಲಾರ್ಡ್ ಕೆಲ್ವಿನ್ 1887ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಹೆಚ್ಚಿನ ಫ್ರೂಡ್ ಸಂಖ್ಯೆಗಳಲ್ಲಿ ಕಾಣುವ ತ್ರಿಕೋನ ಅದಕ್ಕಿಂತ ಕಿರಿದೆಂದು 2013ರಲ್ಲಿ ಫ್ರಾನ್ಸಿನ ರಾಬೊ ಮತ್ತು ಮೊಯಿಸಿ ತೋರಿಸಿದರು.

ಬೇಕೆಂದೇ ದಿಬ್ಬದ ಮೇಲೆ ನಿಲ್ಲುವ ದೋಣಿಗಳೂ ಬಂದಿವೆ. ಹಗ್ಗವಿಲ್ಲದೆ ದೋಣಿಯ ಹಿಂದಿನ ಅಲೆಯ ಮೇಲೇ ಹಲಗೆ ಹಾಕಿ ಜಾರುವ ಆಟಕ್ಕಾಗಿ ಅಮೆರಿಕದ ಸರೋವರಗಳಲ್ಲಿ ಬಳಸುವ ವೇಕ್‌ಸರ್ಫ್ ದೋಣಿಗಳು ಟನ್‌ಗಟ್ಟಲೆ ನೀರನ್ನು ಒಡಲಿಗೆ ತುಂಬಿಕೊಂಡು, ಗಂಟೆಗೆ 16ರಿಂದ 19 ಕಿ.ಮೀ. ವೇಗದಲ್ಲಿ, ಏಳದೆ ಇಳಿಯದೆ ಗಂಟೆಗಟ್ಟಲೆ ಓಡುತ್ತವೆ. ಆ ವೇಗದ ಅಲೆಯ ಉದ್ದ 15 ಮೀಟರ್ ಆಸುಪಾಸು, ಅದರ ಕಲಕುವಿಕೆ ಅರ್ಧ ಅಲೆಯುದ್ದದಷ್ಟು, ಅಂದರೆ 7 ಮೀಟರಿಗೂ ಹೆಚ್ಚು ಆಳಕ್ಕೆ ತಟ್ಟಬಲ್ಲದು. ತಳದ ಕೆಸರು ಎದ್ದು, ಅದರಲ್ಲಿ ಹುದುಗಿದ್ದ ರಂಜಕ ನೀರಿಗೆ ಬಿಡುಗಡೆಯಾಗಿ ಪಾಚಿಗೆ ಆಹಾರವಾಗುತ್ತದೆ. ಮಿನ್ನೆಸೋಟಾ ವಿಶ್ವವಿದ್ಯಾಲಯದ ಪ್ರಯೋಗಾಲಯ 2022ರ ವರದಿಯಲ್ಲಿ ಇಂಥ ದೋಣಿಗಳು ದಂಡೆಯಿಂದ 500 ಅಡಿಗಿಂತ ದೂರವಿರಬೇಕೆಂದು ಶಿಫಾರಸು ಮಾಡಿತು. ವರ್ಮಾಂಟ್ ರಾಜ್ಯ 2024ರಲ್ಲಿ ಅದೇ 500 ಅಡಿ ದೂರದ ಜೊತೆಗೆ ಕನಿಷ್ಠ 20 ಅಡಿ ಆಳವನ್ನೂ ಕಡ್ಡಾಯ ಮಾಡಿತು. ಆಳವನ್ನೂ ನಿಯಮದಲ್ಲಿ ಸೇರಿಸಿದ್ದು ವಿವೇಕದ ಕೆಲಸ, ಏಕೆಂದರೆ ಅಲೆಯ ಉದ್ದದ ಲೆಕ್ಕ ಗೊತ್ತಿರುವವರಷ್ಟೇ ಅದನ್ನು ಕೇಳಬಲ್ಲರು.

ವೇಗಮಿತಿ ಬರೆಯುವವರು ಬಹಳಷ್ಟು ಕಡೆ ಈ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಗಂಟೆಗೆ 15 ಕಿ.ಮೀ. ಎಂಬ ಮಿತಿ ಕೇಳಲು ಸೌಮ್ಯವಾಗಿದೆ. 25 ಮೀಟರ್ ಉದ್ದದ ನೌಕೆಗೆ ಅದು ನಿಜಕ್ಕೂ ಸೌಮ್ಯ ವೇಗ. 6 ಮೀಟರ್ ಸ್ಪೀಡ್‌ಬೋಟಿಗೆ ಅದು ಸರಿಯಾಗಿ ದಿಬ್ಬದ ತುದಿ. ನಿಯಮ ಪಾಲಿಸುವ ಚಾಲಕ ತನ್ನ ದೋಣಿ ಎಬ್ಬಿಸಬಲ್ಲ ಅತಿದೊಡ್ಡ ಅಲೆಯನ್ನು, ಅತಿ ಹೆಚ್ಚು ಇಂಧನ ಸುಟ್ಟು, ಕಾನೂನಿನ ಒಳಗೇ ದಂಡೆಗೆ ಕಳಿಸುತ್ತಾನೆ. ಕಾಲುವೆ 2 ಮೀಟರ್ ಆಳದ್ದಾದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ: ಅಷ್ಟು ಆಳದಲ್ಲಿ ಅಲೆ ಗಂಟೆಗೆ 16 ಕಿ.ಮೀ.ಗಿಂತ ವೇಗವಾಗಿ ಚಲಿಸಲಾರದು, ದೋಣಿ ಆ ವೇಗವನ್ನು ಸಮೀಪಿಸಿದಂತೆ ಅಲೆಯ ಶಕ್ತಿಯೆಲ್ಲ ಒಂದೆಡೆ ರಾಶಿ ಬೀಳುತ್ತದೆ. ಸಣ್ಣ ದೋಣಿಗಳಿಗೆ ಮಿತಿಯನ್ನು ಗಂಟೆಗೆ 8 ಅಥವಾ 9 ಕಿ.ಮೀ.ಗೆ ಇಳಿಸುವುದು, ಅಗಲವೂ ಆಳವೂ ಇರುವ ನೀರಿನಲ್ಲಿ ಗುರುತು ಹಾಕಿದ ಪಟ್ಟಿಯೊಳಗೆ ದಿಬ್ಬ ದಾಟಿ ಓಡಲು ಅನುಮತಿ ಕೊಡುವುದು, ನಡುವಿನ ವೇಗಗಳಲ್ಲಿ ಹೆಚ್ಚು ಹೊತ್ತು ಓಡದಂತೆ ಹೇಳುವುದು ಇದಕ್ಕಿಂತ ಸರಿಯಾದ ನಿಯಮವಾಗುತ್ತದೆ. ಇದನ್ನು ಜಾರಿಗೊಳಿಸುವ ಅಧಿಕಾರಿಗೆ ವೇಗಮಾಪಕ ಯಂತ್ರವೂ ಬೇಕಿಲ್ಲ. ದಡದಲ್ಲಿ ನಿಂತು, ದೋಣಿಯ ಮೂತಿ ಆಕಾಶ ನೋಡುತ್ತಿದೆಯೇ ಎಂದು ಗಮನಿಸಿದರೆ ಸಾಕು.